ದಪ್ಪ ಇಂಕ್ ಬೇಗ ಒಣಗಲು ಏನು ಮಾಡಬೇಕು? ಇಂಟಾಗ್ಲಿಯೋ ಮುದ್ರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಳ್ಳಾರಿಯ ಪ್ರೆಸ್‌ಗಳಲ್ಲಿ ಮದುವೆ ಪತ್ರಿಕೆ, ಬಿಲ್ ಬುಕ್, ಪೋಸ್ಟರ್ ಅಚ್ಚಾಗುತ್ತವೆ. ನೋಟು, ಪಾಸ್‌ಪೋರ್ಟ್ ಅಚ್ಚಾಗುವುದಿಲ್ಲ. ಆದರೂ ಇಂಕ್ ಒಣಗುವ ವಿಷಯ ಬಂದರೆ ಎಲ್ಲರ ತಲೆನೋವೂ ಒಂದೇ. ನಾನು ಹಲವು ವರ್ಷ ಹೊರರಾಜ್ಯದ ಒಂದು ಸೆಕ್ಯುರಿಟಿ ಪ್ರೆಸ್ಸಿನ (ನಕಲು ಮಾಡಲಾಗದಂಥ ದಾಖಲೆ ಅಚ್ಚಾಗುವ ಪ್ರೆಸ್) ಇಂಕ್ ರೂಮಿನಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದವನು. ಇಲ್ಲಿಯ ಪ್ರೆಸ್ ಮಾಲೀಕರು, ರಾಯಚೂರು ಕಡೆಯ ಡಿಪ್ಲೊಮಾ ಹುಡುಗರು, ಕೊಪ್ಪಳದಲ್ಲಿ ತಾಮ್ರದ ತಗಡಿನ ಮೇಲೆ ಎಚಿಂಗ್ ಮಾಡುವ, ಅಂದರೆ ಆಮ್ಲದಿಂದ ಗೆರೆ ಕೊರೆದು ಚಿತ್ರ ಅಚ್ಚು ಹಾಕುವ ಕಲಾವಿದರು, ಬ್ಯಾಂಕ್ ಕ್ಯಾಶಿಯರ್‌ಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಸರ್, ಇಂಟಾಗ್ಲಿಯೋ ಅಂದ್ರೆ ಏನು? ಆಫ್‌ಸೆಟ್‌ಗೂ ಅದಕ್ಕೂ ಏನು ವ್ಯತ್ಯಾಸ?

ಜೇಬಿನಿಂದ ಒಂದು 500 ರೂಪಾಯಿ ನೋಟು ತೆಗೆಯಿರಿ. ಎಡ ಮತ್ತು ಬಲ ಅಂಚಿನಲ್ಲಿ ಐದೈದು ಓರೆ ಗೆರೆಗಳಿವೆ. ಕಣ್ಣು ಮುಚ್ಚಿ ಅವುಗಳ ಮೇಲೆ ಬೆರಳಾಡಿಸಿ. ತೊಡರುತ್ತದೆ ಅಲ್ವಾ? ಕಣ್ಣು ಕಾಣದವರು ನೋಟು ಗುರುತಿಸಲಿ ಅಂತಲೇ ಹಾಗೆ ಉಬ್ಬಿಸಿದ್ದಾರೆ. ಗಾಂಧೀಜಿ ಚಿತ್ರ, ಅಶೋಕ ಸ್ತಂಭದ ಲಾಂಛನ ಕೂಡ ಹಾಗೇ. ಅದು ಇಂಟಾಗ್ಲಿಯೋ.

ಲೋಹದ ಪ್ಲೇಟಿನಲ್ಲಿ ಗೆರೆಗಳನ್ನು ಕೊರೆದಿರುತ್ತಾರೆ. ಪ್ಲೇಟಿಗೆಲ್ಲ ಇಂಕ್ ಬಳಿದು, ಮೇಲ್ಮೈಯ ಇಂಕನ್ನು ಒರೆಸಿ ತೆಗೆಯುತ್ತಾರೆ. ಕೊರೆದ ಸಂದಿಯೊಳಗೆ ಮಾತ್ರ ಇಂಕ್ ಉಳಿಯುತ್ತದೆ. ಆಮೇಲೆ ಭಾರಿ ಒತ್ತಡ. ಕಾಗದ ಆ ಸಂದಿಯೊಳಗೆ ಇಳಿದು ಇಂಕನ್ನು ಎತ್ತಿಕೊಂಡು ಬರುತ್ತದೆ. ಕಾಗದವೂ ಉಬ್ಬುತ್ತದೆ, ಇಂಕೂ ಗುಡ್ಡೆಯಂತೆ ನಿಲ್ಲುತ್ತದೆ.

ಇಲ್ಲಿಯೇ ತೊಂದರೆ ಶುರುವಾಗುವುದು. ಆಫ್‌ಸೆಟ್ ಅಂದರೆ ಚಪ್ಪಟೆ ಪ್ಲೇಟಿನಿಂದ ರಬ್ಬರ್ ಹಾಳೆಗೆ, ಅಲ್ಲಿಂದ ಕಾಗದಕ್ಕೆ ಇಂಕ್ ದಾಟಿಸುವ ಮುದ್ರಣ. ಅದರಲ್ಲಿ ಇಂಕ್ ಪದರ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇದ್ದರೆ ಜಾಸ್ತಿ. ಇಂಟಾಗ್ಲಿಯೋದಲ್ಲಿ ಹತ್ತಾರು ಮೈಕ್ರಾನ್. ಮಣ್ಣಿನ ಗೋಡೆಗೆ ತೆಳುವಾಗಿ ಸುಣ್ಣ ಬಳಿಯುವುದಕ್ಕೂ ಗಿಲಾವು ಮೆತ್ತುವುದಕ್ಕೂ ಇರುವಷ್ಟು ವ್ಯತ್ಯಾಸ.

ಒಣಗೋದು ಅಂದ್ರೆ ಆರೋದು ತಾನೇ? ಫ್ಯಾನ್ ಹಾಕಿದರೆ ಆಯ್ತಲ್ಲ?

ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಗೆದ ಬಟ್ಟೆ ಒಣಗುವುದು ನೀರು ಹೊರಗೆ ಹೋಗುವುದರಿಂದ. ಇಂಟಾಗ್ಲಿಯೋ ಇಂಕ್ ಒಣಗುವುದು ಮುಖ್ಯವಾಗಿ ಗಾಳಿ ಒಳಗೆ ಬರುವುದರಿಂದ. ಇಂಕಿನಲ್ಲಿ ಒಣಗುವ ಎಣ್ಣೆ ಇರುತ್ತದೆ, ಆ ಎಣ್ಣೆಯಿಂದಲೇ ಮಾಡಿದ ಆಲ್ಕಿಡ್ ರಾಳ ಇರುತ್ತದೆ. ಅವು ಗಾಳಿಯ ಆಮ್ಲಜನಕ ಹೀರಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ದ್ರವವಾಗಿದ್ದದ್ದು ಬಲೆಯಾಗುತ್ತದೆ. ಹಾಲು ಹೆಪ್ಪಾದಂತೆ ಅನ್ನಿ. ಆದರೆ ಈ ಹೆಪ್ಪು ಮತ್ತೆ ಕರಗುವುದಿಲ್ಲ.

ನಿಮ್ಮ ಅಡುಗೆಮನೆಯಲ್ಲೇ ಇದನ್ನು ನೋಡಿರುತ್ತೀರಿ. ಕುಸುಬಿ ಎಣ್ಣೆಯ ಕ್ಯಾನಿನ ಬಾಯಿ ಹತ್ತಿರ, ಸುರಿದಾಗ ಇಳಿದ ಎಣ್ಣೆ ದಿನ ಕಳೆದಂತೆ ಹಳದಿಗಟ್ಟಿ ಜಿಗಟಾಗುತ್ತದೆ. ಆಮೇಲೆ ಪ್ಲಾಸ್ಟಿಕ್ಕಿನ ಹಾಗೆ ಅಂಟಿಕೊಂಡು ಕೂರುತ್ತದೆ. ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಸೇಂಗಾ ಎಣ್ಣೆ ಅಷ್ಟು ಬೇಗ ಹಾಗಾಗುವುದಿಲ್ಲ. ಯಾಕೆ? ಎಣ್ಣೆಗೆ ಆಮ್ಲಜನಕ ಹಿಡಿಯುವ ಜೋಡಿ ಕೊಂಡಿಗಳು ಎಷ್ಟಿವೆ ಎನ್ನುವುದನ್ನು ಅಯೋಡಿನ್ ಸಂಖ್ಯೆಯಲ್ಲಿ ಅಳೆಯುತ್ತಾರೆ. ಅಗಸಿ ಎಣ್ಣೆಗೆ ಅದು ಸುಮಾರು 170ರಿಂದ 200. ಕುಸುಬಿಗೆ 140ರ ಆಸುಪಾಸು. ಸೇಂಗಾ ಎಣ್ಣೆಗೆ 100ರ ಆಚೀಚೆ. ಔಡಲ ಎಣ್ಣೆಗೆ 85ರ ಆಸುಪಾಸು, ಅದು ಹಾಗೇ ಇಟ್ಟರೆ ಒಣಗುವುದೇ ಇಲ್ಲ. ಔಡಲ ಎಣ್ಣೆಯಿಂದ ನೀರಿನ ಅಂಶ ಕಳೆಯುವ ರಾಸಾಯನಿಕ ಸಂಸ್ಕಾರ ಮಾಡಿದರೆ ಮಾತ್ರ ಒಣಗುವ ಎಣ್ಣೆಯಾಗುತ್ತದೆ.

ಹುಡುಗರಿಗೆ ನಾನು ಹೇಳುವ ಒಂದು ಪ್ರಯೋಗವಿದೆ. ಒಂದು ಗಾಜಿನ ತುಂಡಿಗೆ ಅಗಸಿ ಎಣ್ಣೆಯನ್ನು ತೆಳ್ಳಗೆ ಸವರಿ. ಅಕ್ಕಸಾಲಿಗರ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಡಿ. ನಾಲ್ಕೈದು ದಿನ ಬಿಟ್ಟು ಮತ್ತೆ ತೂಗಿ. ತೂಕ ಜಾಸ್ತಿಯಾಗಿರುತ್ತದೆ. ಒಣಗಿದ ವಸ್ತುವಿನ ತೂಕ ಹೆಚ್ಚುವುದನ್ನು ಕಣ್ಣಾರೆ ನೋಡಿದವರು ಮತ್ತೆ ಯಾವತ್ತೂ "ಇಂಕ್ ಆರಲಿ" ಅನ್ನುವುದಿಲ್ಲ.

ಮುಟ್ಟಿದರೆ ಅಂಟುವುದಿಲ್ಲ, ಆದರೂ ಮೇಲಿನ ಶೀಟಿಗೆ ಹತ್ತುತ್ತದೆ. ಯಾಕೆ?

ಇಂಕ್ ಮೇಲೆ ಕೆನೆಗಟ್ಟಿದೆ, ಒಳಗೆ ಹಸಿ ಇದೆ. ಗಾಳಿ ಮೊದಲು ಮುಟ್ಟುವುದು ಮೇಲ್ಮೈಯನ್ನು. ಅಲ್ಲಿ ಗಟ್ಟಿ ಪೊರೆ ಬಂದರೆ ಅದೇ ಮುಚ್ಚಳವಾಗಿ ಕೆಳಗಿನ ಇಂಕಿಗೆ ಗಾಳಿ ಸಿಗದ ಹಾಗೆ ಮಾಡುತ್ತದೆ. ತೆಳು ಪದರಕ್ಕೆ ಈ ಕಷ್ಟವಿಲ್ಲ. ದಪ್ಪ ಗೆರೆಗೆ ಇದೇ ದೊಡ್ಡ ಕಷ್ಟ.

ನನಗೇ ಆದದ್ದನ್ನು ಹೇಳುತ್ತೇನೆ. ಮಳೆಗಾಲ. ಪ್ರಮಾಣಪತ್ರದ ಕೆಲಸ, ಸುತ್ತ ಕಡುಹಸಿರು ಬಳ್ಳಿಯ ಅಂಚು. ತಾರೀಖು ಹತ್ತಿರ ಬಂದಿತ್ತು. ಮೇಸ್ತ್ರಿ ಡ್ರೈಯರ್, ಅಂದರೆ ಇಂಕ್ ಬೇಗ ಒಣಗಲು ಬೆರೆಸುವ ವಸ್ತು, ದುಪ್ಪಟ್ಟು ಹಾಕು ಅಂದರು. ನಾನು ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಬೆರಳಿಟ್ಟು ನೋಡಿದೆ, ಅಂಟಲಿಲ್ಲ. ಖುಷಿಯಿಂದ ನಂಬರಿಂಗಿಗೆ ಕಳಿಸಿದೆವು. ಮಧ್ಯಾಹ್ನ ಅಟ್ಟಿಯ ನಡುವಿನಿಂದ ಒಂದು ಶೀಟ್ ಎತ್ತಿದಾಗ ಪರ್ ಅಂತ ಸದ್ದು ಬಂತು. ಆ ಸದ್ದು ಕೇಳಿದ ತಕ್ಷಣ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಶೀಟಿನ ಬೆನ್ನ ಮೇಲೆ ಬಳ್ಳಿಯ ಹಸಿರು ನೆರಳು ಮೂಡಿತ್ತು. ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡಿದರೆ ಒಂದೊಂದು ಗೆರೆಯ ಮೇಲೂ ಕಾಸಿದ ಹಾಲಿನ ಕೆನೆಯಂತೆ ಸುಕ್ಕು. ಸೂಜಿಯಿಂದ ಚುಚ್ಚಿದೆ. ಒಳಗಿನಿಂದ ಹಸಿ ಇಂಕ್ ಹೊಳೆಯುತ್ತಾ ಹೊರಬಂತು. ಮೇಲಿನ ಶೀಟುಗಳ ಭಾರಕ್ಕೆ ಕೆನೆ ಒಡೆದಿತ್ತು.

ಆ ಅಟ್ಟಿಯನ್ನು ಪೂರ್ತಿ ನಾಶ ಮಾಡಬೇಕಾಯಿತು. ಸೆಕ್ಯುರಿಟಿ ಕೆಲಸದಲ್ಲಿ ಕೆಟ್ಟ ಶೀಟನ್ನೂ ಎಣಿಸಿ, ಲೆಕ್ಕ ಬರೆದು, ಎಲ್ಲರ ಮುಂದೆ ಚೂರು ಮಾಡಬೇಕು. ನಮ್ಮ ಊರಿನ ಪ್ರೆಸ್ಸಿನಲ್ಲಾದರೆ ರದ್ದಿಗೆ ಹಾಕಿ ಮುಂದಿನ ಕೆಲಸ ನೋಡುತ್ತೇವೆ. ಅಲ್ಲಿ ಹಾಗಿಲ್ಲ. ಎರಡು ದಿನ ಉಳಿಸಲು ಹೋಗಿ ಎರಡು ವಾರ ಕಳೆದುಕೊಂಡೆವು.

ಹಾಗಾದರೆ ಡ್ರೈಯರ್ ಎಷ್ಟು ಹಾಕಬೇಕು, ಯಾವುದು ಹಾಕಬೇಕು?

ಡ್ರೈಯರ್ ಅಂದರೆ ಲೋಹದ ಸಾಬೂನು, ಎಣ್ಣೆಯಲ್ಲಿ ಕರಗುವಂತೆ ಆಮ್ಲದ ಜೊತೆ ಕೂಡಿಸಿದ ಲೋಹ. ಅದು ಎಣ್ಣೆಗೆ ಗಾಳಿ ಹಿಡಿಯಲು ಚುರುಕು ಕೊಡುತ್ತದೆ. ಒಂದೊಂದು ಲೋಹದ ಗುಣ ಬೇರೆ.

ಕೋಬಾಲ್ಟ್ ಎಲ್ಲಕ್ಕಿಂತ ಚುರುಕು, ಆದರೆ ಕೆಲಸ ಮಾಡುವುದು ಮೇಲ್ಮೈಯಲ್ಲಿ. ಬರೀ ಕೋಬಾಲ್ಟ್ ಜಾಸ್ತಿ ಹಾಕಿದರೆ ಮೇಲೆ ಹೇಳಿದ ಸುಕ್ಕು ಗ್ಯಾರಂಟಿ. ಮ್ಯಾಂಗನೀಸ್ ಸ್ವಲ್ಪ ನಿಧಾನ, ಆದರೆ ಒಳಗೂ ಇಳಿಯುತ್ತದೆ. ಅದರದು ಕಂದು ಛಾಯೆ, ಬಿಳಿ ಮತ್ತು ತಿಳಿ ಬಣ್ಣಗಳಲ್ಲಿ ಎದ್ದು ಕಾಣುತ್ತದೆ. ನಮ್ಮ ಸಂಡೂರಿನ ಗುಡ್ಡದಲ್ಲಿ ಅಗೆಯುವ ಮ್ಯಾಂಗನೀಸ್ ಅದಿರಿನ ಲೋಹವೇ ಇದು. ಜಿರ್ಕೋನಿಯಂ, ಕ್ಯಾಲ್ಸಿಯಂ ಒಂಟಿಯಾಗಿ ಹೆಚ್ಚೇನೂ ಮಾಡುವುದಿಲ್ಲ. ಜೊತೆಗಿದ್ದರೆ ಒಳಪದರ ಗಟ್ಟಿಯಾಗಲು ನೆರವಾಗುತ್ತವೆ.

ಹಾಗಾಗಿ ಮಿಶ್ರಣವೇ ಸರಿ. ಒಟ್ಟು ಡ್ರೈಯರ್ ನೂರಕ್ಕೆ ಒಂದೆರಡು ಪಾಲಿನ ಸುತ್ತ ಇರಲಿ. ಅದಕ್ಕಿಂತ ಮೇಲೆ ಹೋದರೆ ಒಣಗುವುದು ಬೇಗವಾಗುವುದಿಲ್ಲ, ಡಬ್ಬಿಯಲ್ಲೇ, ರೋಲರ್ ಮೇಲೆಯೇ ಕೆನೆ ಬರುತ್ತದೆ. ಕೋಬಾಲ್ಟ್ ಸಾಬೂನುಗಳಿಂದ ಆರೋಗ್ಯಕ್ಕೆ ಅಪಾಯವಿದೆ ಎಂದು ಯುರೋಪಿನಲ್ಲಿ ಕಟ್ಟುನಿಟ್ಟು ಜಾಸ್ತಿಯಾಗಿದೆ. ಅದಕ್ಕೇ ಇಂಕ್ ತಯಾರಕರು ಮ್ಯಾಂಗನೀಸ್ ಮುಂತಾದವುಗಳ ಕಡೆ ತಿರುಗುತ್ತಿದ್ದಾರೆ. ನನ್ನ ಮಟ್ಟಿಗೆ ಇದು ಒಳ್ಳೆಯದೇ. ಇಂಕ್ ರೂಮಿನಲ್ಲಿ ಕೈಗವಸು ಹಾಕದೆ ಕಲಸುವ ಹುಡುಗರನ್ನು ಎಷ್ಟೋ ಜನ ನೋಡಿದ್ದೇನೆ.

ನಮ್ಮ ಬಳ್ಳಾರಿ, ರಾಯಚೂರು ಬಿಸಿಲು ಇಂಕ್ ಒಣಗಿಸೋಕೆ ಸಾಕಲ್ವಾ?

ಇಂಕಿಗೆ ಒಳ್ಳೆಯದು, ಕಾಗದಕ್ಕೆ ಒಳ್ಳೆಯದಲ್ಲ. ಸ್ಥೂಲ ಲೆಕ್ಕಕ್ಕೆ 10 ಡಿಗ್ರಿ ಬಿಸಿ ಏರಿದರೆ ಈ ರಾಸಾಯನಿಕ ಕ್ರಿಯೆ ಎರಡರಷ್ಟು ಚುರುಕಾಗುತ್ತದೆ ಅನ್ನಬಹುದು. ಮೇ ತಿಂಗಳಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟಿದಾಗ ಇಂಕ್ ಓಡೋಡಿ ಒಣಗುತ್ತದೆ. ಆದರೆ ಗಾಳಿಯಲ್ಲಿ ತೇವವೇ ಇಲ್ಲದಾಗ ಕಾಗದ ತನ್ನೊಳಗಿನ ತೇವ ಬಿಟ್ಟು ಕುಗ್ಗುತ್ತದೆ, ಅಂಚು ಹಪ್ಪಳದಂತೆ ಏಳುತ್ತದೆ. ಎರಡನೇ ಬಣ್ಣ ಕೂರುವಾಗ ಜಾಗ ತಪ್ಪುತ್ತದೆ.

ಶ್ರಾವಣದಲ್ಲಿ ಇದು ಉಲ್ಟಾ. ಗಾಳಿಯ ತೇವ ಜಾಸ್ತಿಯಾದರೆ ಇಂಕ್ ತಡವಾಗಿ ಒಣಗುತ್ತದೆ. ಅದಕ್ಕೇ ಸೆಕ್ಯುರಿಟಿ ಪ್ರೆಸ್‌ಗಳಲ್ಲಿ ವರ್ಷವಿಡೀ ಒಂದೇ ಬಿಸಿ, ಒಂದೇ ತೇವ ಕಾಯುತ್ತಾರೆ, ತೇವ ನೂರಕ್ಕೆ 50ರ ಆಸುಪಾಸು. ಸಣ್ಣ ಪ್ರೆಸ್ಸಿಗೆ ಅಷ್ಟೆಲ್ಲ ಆಗುವುದಿಲ್ಲ, ನಿಜ. ಆದರೆ 1 ತೇವಮಾಪಕ ಗೋಡೆಗೆ ಹಾಕಿ. ಕಾಗದವನ್ನು ಬಂಡಲ್ ಬಿಚ್ಚಿ ಅಚ್ಚಿನ ಕೋಣೆಯಲ್ಲೇ ಒಂದು ದಿನ ಇಡಿ. ತಗಡಿನ ಚಾವಣಿ ಕೆಳಗೆ ಅಟ್ಟಿ ಇಡಬೇಡಿ. ಇಷ್ಟಕ್ಕೇ ಅರ್ಧ ಗೋಳು ಕಡಿಮೆಯಾಗುತ್ತದೆ.

ಅಚ್ಚಾದ ಶೀಟನ್ನು ಹೇಗೆ ಇಡಬೇಕು?

ಅಟ್ಟಿ ಸಣ್ಣದಿರಲಿ. ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಸೊಂಟದೆತ್ತರ ಪೇರಿಸಿದರೆ ಕೆಳಗಿನ ಶೀಟಿಗೆ ಭಾರ ಜಾಸ್ತಿ, ನಡುವಿನದಕ್ಕೆ ಗಾಳಿ ಇಲ್ಲ. ಶೀಟುಗಳ ಮಧ್ಯೆ ಖಾಲಿ ಹಾಳೆ ಹಾಕಬಹುದು. ಕೆಲವು ಗಂಟೆ ಬಿಟ್ಟು ಒಂದೊಂದು ಹಿಡಿ ಶೀಟ್ ತೆಗೆದು, ಅಂಚು ಬೀಸಿ, ಗಾಳಿ ತುಂಬಿ ಇಡಿ. ಎಣ್ಣೆಗೆ ಗಾಳಿ ಉಣಿಸುವುದು ಅಂದರೆ ಇದೇ. ಮುಂದಿನ ಮೈ ಅಚ್ಚಿಗೆ ಹೋಗುವ ಮೊದಲು ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಬೇಕು. ಈ ಕಾಯುವ ಹೊತ್ತು ಕಡಿಮೆ ಮಾಡುವುದೇ ಇಡೀ ಉದ್ಯಮದ ಆಸೆ. ಶೀಟ್ ಕಾದು ಕೂತಷ್ಟು ಹೊತ್ತೂ ಜಾಗ ಬೇಕು, ಕಾವಲು ಬೇಕು, ಲೆಕ್ಕ ಬೇಕು.

ಕಿನ್ನಾಳದ ಗೊಂಬೆ ಮಾಡುವವರನ್ನು ನೋಡಿ. ಒಂದು ಪದರ ಒಣಗದೆ ಇನ್ನೊಂದು ಬಣ್ಣ ಮುಟ್ಟಿಸುವುದಿಲ್ಲ. ಅವರಿಗೂ ಸಂತೆಗೆ ಹೊತ್ತಾಗಿರುತ್ತದೆ, ಆದರೂ ಕಾಯುತ್ತಾರೆ.

ಬೇರೆ ಬಣ್ಣ ಒಣಗಿದರೂ ಕಪ್ಪು ಮಾತ್ರ ಒಣಗಲ್ಲ. ಇಂಕ್ ಹಳೆಯದಾ?

ಇರಬಹುದು. ಕಪ್ಪು ಬಣ್ಣಕ್ಕೆ ಹಾಕುವ ಕಾರ್ಬನ್ ಪುಡಿ ಬಹಳ ನುಣುಪು. ಅದು ಡ್ರೈಯರನ್ನು ತನ್ನ ಮೈಗೆ ಎಳೆದುಕೊಂಡುಬಿಡುತ್ತದೆ. ಡಬ್ಬಿ ಹಳೆಯದಾದಷ್ಟೂ ಹೀಗೆ ಕಳೆದುಹೋಗುವ ಡ್ರೈಯರ್ ಜಾಸ್ತಿ. ಕಪ್ಪಿಗೆ ಡ್ರೈಯರನ್ನು ಅಚ್ಚಿಗೆ ಸ್ವಲ್ಪ ಮೊದಲು ಸೇರಿಸಿ, ಡಬ್ಬಿ ಮೇಲೆ ತಾರೀಖು ಬರೆಯಿರಿ. ಕಬ್ಬಿಣದ ಅಂಶವಿರುವ ಪ್ರಷ್ಯನ್ ನೀಲಿ ಇದಕ್ಕೆ ವಿರುದ್ಧ, ಒಣಗಲು ತಾನೇ ನೆರವಾಗುತ್ತದೆ.

ಪ್ಲೇಟನ್ನು ಬಿಸಿ ಮಾಡುತ್ತಾರಂತೆ, ಒಣಗಲಿ ಅಂತಾನಾ?

ಅಲ್ಲ. ಇಂಟಾಗ್ಲಿಯೋ ಇಂಕ್ ಗಟ್ಟಿ ಬೆಲ್ಲದ ಪಾಕದ ಹಾಗೆ. ತಣ್ಣಗಿದ್ದರೆ ಸಣ್ಣ ಸಂದಿಗೆ ಇಳಿಯುವುದಿಲ್ಲ. ಪ್ಲೇಟ್ ಸಿಲಿಂಡರನ್ನು ಸಾಮಾನ್ಯವಾಗಿ 60ರಿಂದ 80 ಡಿಗ್ರಿಗೆ ಕಾಯಿಸಿದರೆ ಇಂಕ್ ಸಡಿಲವಾಗಿ ಹರಿಯುತ್ತದೆ, ಕಾಗದಕ್ಕೆ ಹತ್ತಿ ತಣ್ಣಗಾದ ಕೂಡಲೇ ಮತ್ತೆ ಬಿಗಿಯಾಗಿ ನಿಲ್ಲುತ್ತದೆ. ಆ ಬಿಗಿಯೇ ಮೊದಲ ರಕ್ಷಣೆ. ಒಣಗುವ ಮೊದಲಿನ ಗಂಟೆಗಳಲ್ಲಿ ಇಂಕ್ ಪಕ್ಕದ ಶೀಟಿಗೆ ಹತ್ತದಿರುವುದು ಅದರಿಂದ, ಮತ್ತು ಇಂಕಿನಲ್ಲಿರುವ ಮೇಣದಿಂದ.

ಒರೆಸುವ ರೋಲರನ್ನು ತೊಳೆಯಲು ಕಾಸ್ಟಿಕ್ ಸೋಡಾ ಮತ್ತು ಗಂಧಕಾಮ್ಲದಿಂದ ಸಂಸ್ಕರಿಸಿದ ಔಡಲ ಎಣ್ಣೆ ಬೆರೆಸಿದ ನೀರು ಬಳಸುತ್ತಾರೆ. ಒಣಗದ ಔಡಲ ಎಣ್ಣೆ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಯುವಿ ಇಂಕ್ ಹಾಕಿದರೆ ಕ್ಷಣದಲ್ಲಿ ಒಣಗುತ್ತಲ್ಲ, ಯಾಕೆ ಎಲ್ಲರೂ ಅದನ್ನೇ ಹಾಕಲ್ಲ?

ಒಳ್ಳೆಯ ಪ್ರಶ್ನೆ. ಯುವಿ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿದ್ದ ಕೂಡಲೇ ಗಟ್ಟಿಯಾಗುವ ಇಂಕ್ ತೆಳು ಪದರಕ್ಕೆ ಅದ್ಭುತ. ದಪ್ಪ ಪದರದಲ್ಲಿ ಬಣ್ಣದ ಪುಡಿಯೇ ಬೆಳಕನ್ನು ತಡೆಯುತ್ತದೆ. ಕಪ್ಪು ಅಂತೂ ನುಂಗಿಯೇ ಬಿಡುತ್ತದೆ. ಮೇಲೆ ಗಟ್ಟಿ, ತಳದಲ್ಲಿ ಹಸಿ. ಮತ್ತೆ ಅದೇ ಕೆನೆಯ ಕಥೆ.

ಅದಕ್ಕೆ ಎರಡನ್ನೂ ಜೋಡಿಸಿದ ಇಂಕ್ ಬಂದಿದೆ. ಅರ್ಧ ಕೆಲಸ ಬೆಳಕು ಮಾಡುತ್ತದೆ, ಉಳಿದರ್ಧ ಗಾಳಿ. ಶೀಟ್ ದೀಪದ ಕೆಳಗೆ ಹಾದಾಗ ಮೇಲ್ಮೈ ಅಂಟು ಬಿಡುವಷ್ಟು ಗಟ್ಟಿಯಾಗುತ್ತದೆ, ತಳ ನಿಧಾನಕ್ಕೆ ಗಾಳಿ ಕುಡಿದು ಒಣಗುತ್ತದೆ. ಈಗ ಪಾದರಸದ ದೀಪದ ಜಾಗಕ್ಕೆ ಎಲ್‌ಇಡಿ ದೀಪ ಬರುತ್ತಿದೆ. ಕರೆಂಟ್ ಕಡಿಮೆ, ಕಾಗದಕ್ಕೆ ಬಿಸಿಯೂ ಕಡಿಮೆ. ಒಣಗಿಸುವ ವಿಷಯದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಈ ದಾರಿಯ ಮೇಲೆಯೇ.

ಕಾಗದ ಬದಲಾದರೆ ಒಣಗುವುದೂ ಬದಲಾಗುತ್ತಾ?

ಆಗುತ್ತದೆ. ನಮ್ಮ ನೋಟಿನ ಕಾಗದ ಹತ್ತಿಯದು. ರಾಯಚೂರಿನ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ನೋಡಿದಾಗಲೆಲ್ಲ ನನಗೆ ಅದೇ ನೆನಪು. ಹತ್ತಿಯ ನಾರಿನ ನಡುವೆ ಇಂಕಿನ ತೆಳು ಎಣ್ಣೆ ಸ್ವಲ್ಪ ಇಳಿಯುತ್ತದೆ, ಮೇಲುಳಿದದ್ದು ಬಿಗಿಯಾಗುತ್ತದೆ. ಎರಡೂ ಮೈಗೆ ಕೋಟಿಂಗ್ ಇರುವ ನುಣುಪು ಕಾಗದದಲ್ಲಿ ಈ ನೆರವು ಕಡಿಮೆ. ಪ್ಲಾಸ್ಟಿಕ್ ನೋಟಿನಲ್ಲಿ ಇಲ್ಲವೇ ಇಲ್ಲ. ಕಾಗದದಲ್ಲಿ ಆಮ್ಲ ಜಾಸ್ತಿ ಇದ್ದರೂ ಒಣಗುವುದು ತಡ.

ಪೂರ್ತಿ ಒಣಗಿದೆ ಅಂತ ತಿಳಿಯೋದು ಹೇಗೆ?

ಬೆರಳನ್ನು ನಂಬಬೇಡಿ. ಬೆರಳು ಕೆನೆಯನ್ನು ಮಾತ್ರ ಮುಟ್ಟುತ್ತದೆ. ಅಚ್ಚಾದ ಶೀಟಿನ ಮೇಲೆ ಬಿಳಿ ಹಾಳೆ ಇಟ್ಟು ಬಿಸಿ ಮಾಡಿ, ಜೋರಾಗಿ ಒತ್ತಿ. ಲ್ಯಾಬಿನಲ್ಲಿ ಇದಕ್ಕೆ ಯಂತ್ರವಿದೆ. ಸಣ್ಣ ಜಾಗದಲ್ಲಿ ಎಚಿಂಗ್ ಪ್ರೆಸ್ಸೇ ಸಾಕು. ಬಿಳಿ ಹಾಳೆಗೆ ಎಷ್ಟು ಬಣ್ಣ ಹತ್ತಿತು ಎನ್ನುವುದೇ ಉತ್ತರ. 6 ಗಂಟೆಗೊಮ್ಮೆ ಮಾಡಿ, ಹಾಳೆಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ. ಬಣ್ಣ ಕರಗುತ್ತಾ ಹೋಗಿ ಒಂದು ಹಾಳೆ ಪೂರ್ತಿ ಬಿಳಿಯಾಗಿ ಬರುತ್ತದೆ. ಆ ಗಂಟೆಯೇ ನಿಮ್ಮ ಇಂಕಿನ, ನಿಮ್ಮ ಕೋಣೆಯ ನಿಜವಾದ ಲೆಕ್ಕ. ಬೇರೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ.

ಜೀನ್ಸ್ ಜೇಬಿನಲ್ಲಿ ನೋಟು ಒಗೆತಕ್ಕೆ ಹೋದರೂ ಬಣ್ಣ ಹೋಗಲ್ಲ, ಯಾಕೆ?

ಜೀನ್ಸ್ ಹೊಲಿಯುವ ಊರಾದ ಬಳ್ಳಾರಿಯಲ್ಲಿ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ಹೆಣೆದುಕೊಂಡ ಎಣ್ಣೆಯ ಬಲೆ ಸೋಪಿಗೆ ಕರಗುವುದಿಲ್ಲ, ಅದಕ್ಕೇ. ಸೆಕ್ಯುರಿಟಿ ಇಂಕನ್ನು ಒಪ್ಪುವ ಮೊದಲು ಸೋಪು, ಆಮ್ಲ, ಕ್ಷಾರ, ಪೆಟ್ರೋಲ್, ಬೆವರು, ಮುದುಡುವಿಕೆ ಎಲ್ಲಕ್ಕೂ ಪರೀಕ್ಷೆ ಇದೆ. ಸರಿಯಾಗಿ ಒಣಗದ ಇಂಕ್ ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ.

ಈ ಕೆಲಸ ನಮ್ಮ ದೇಶದಲ್ಲಿ ಎಲ್ಲಿ ನಡೆಯುತ್ತದೆ?

ನೋಟು ಅಚ್ಚಾಗುವುದು ನಾಸಿಕ್, ದೇವಾಸ್, ಮೈಸೂರು, ಸಾಲ್ಬೊನಿ, ಈ ನಾಲ್ಕು ಕಡೆ. ಮೈಸೂರಿನ ಪ್ರೆಸ್ 1996ರಲ್ಲಿ ಶುರುವಾಯಿತು. ಅಲ್ಲೇ ವರ್ಣಿಕಾ ಎಂಬ ಇಂಕ್ ಘಟಕ 2022ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ವರ್ಷಕ್ಕೆ 1,500 ಟನ್ ಇಂಕ್ ಮಾಡುವ ಸಾಮರ್ಥ್ಯ ಅದಕ್ಕಿದೆ. ನಮ್ಮ ಭಾಗದ ಕೆಮಿಸ್ಟ್ರಿ ಓದಿದ ಮಕ್ಕಳು ಈ ಕಡೆಗೂ ಕಣ್ಣು ಹಾಯಿಸಲಿ ಅಂತ ನನ್ನ ಆಸೆ.

ಇದನ್ನೆಲ್ಲ ಬಹಿರಂಗವಾಗಿ ಹೇಳಬಹುದಾ?

ಹೇಳಬಹುದು. ಎಣ್ಣೆ ಒಣಗುವ ಕೆಮಿಸ್ಟ್ರಿ ಬಣ್ಣ, ವಾರ್ನಿಶ್ ಎಲ್ಲಕ್ಕೂ ಒಂದೇ. ನೋಟಿನ ಭದ್ರತೆ ಇರುವುದು ಕೊರೆದ ಪ್ಲೇಟಿನಲ್ಲಿ, ಕಾಗದದಲ್ಲಿ, ಯಂತ್ರದಲ್ಲಿ. ನಕಲಿ ನೋಟು ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 178ನೇ ಕಲಮಿನ ಪ್ರಕಾರ ಜೀವಾವಧಿವರೆಗೆ ಶಿಕ್ಷೆ ಇದೆ.

ಇಂಕ್ ಒರೆಸಿದ ಬಟ್ಟೆ ಏನು ಮಾಡಬೇಕು?

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಸೇರಿಸಿದ್ದೇನೆ. ಎಣ್ಣೆ ಗಾಳಿ ಕುಡಿದು ಹೆಣೆದುಕೊಳ್ಳುವಾಗ ಶಾಖ ಹೊರಬರುತ್ತದೆ. ಶೀಟಿನ ಮೇಲೆ ಆ ಶಾಖ ಗೊತ್ತೇ ಆಗುವುದಿಲ್ಲ. ಅಗಸಿ ಎಣ್ಣೆ ಹತ್ತಿದ ಚಿಂದಿ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಉಳಿದು, ಏರಿ ಏರಿ, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ನಮ್ಮ ಬೇಸಿಗೆಯಲ್ಲಿ, ತಗಡಿನ ಚಾವಣಿಯ ಕೆಳಗೆ, ಸುತ್ತ ಕಾಗದದ ಅಟ್ಟಿ ಇರುವಾಗ ಅದು ಎಷ್ಟು ಅಪಾಯ ಯೋಚಿಸಿ. ರಾತ್ರಿ ಬಾಗಿಲು ಹಾಕುವ ಮೊದಲು ಒಂದೊಂದು ಬಟ್ಟೆಯನ್ನೂ ನೀರಿನಲ್ಲಿ ಅದ್ದಿ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಹೊರಗೆ ನೆರಳಿನಲ್ಲಿಡಿ.